ತುಂಗನಾಥಕ್ಕೆ ಹೊರಟ ಟೆಂಗಿನಕಾಯಿ ವಾಪಸ್ ಬಂತು

ಮೊದಲೇ ಹೇಳಿಬಿಡುತ್ತೇನೆ, ನಾನು ಹಿಮಾಲಯದ ತುಂಗನಾಥ ಗುಡಿ ಮುಟ್ಟಲಿಲ್ಲ. ಊರಿಗೆ ಬಂದಾಗಿನಿಂದ ಗಂಜ್ ಮಾರ್ಕೆಟ್ಟಿನಲ್ಲಿ, ಮಿಲ್ಲಿನಲ್ಲಿ, ನಮ್ಮ ಓಣಿಯ ಚಹಾದಂಗಡಿಯಲ್ಲಿ ಎಲ್ಲರೂ ಕೇಳುವುದು ಅದೊಂದೇ. "ಮ್ಯಾಲೆ ಹೋಗಿ ಬಂದ್ರೇನ್ರೀ?" ಇಲ್ಲ ಅಂದರೆ ಸಾಕು, ಸಿನಿಮಾ ಟಿಕೆಟ್ ಸಿಗದೆ ಮನೆಗೆ ಬಂದವನನ್ನು ನೋಡುವ ಹಾಗೆ ನೋಡುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಒಮ್ಮೆ ಪೂರ್ತಿ ಬರೆದಿಟ್ಟರೆ ಕೇಳಿದವರಿಗೆಲ್ಲ ಇದನ್ನೇ ಕಳಿಸಬಹುದು ಅಂತ ಕೂತಿದ್ದೇನೆ.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ವಯಸ್ಸು 43. ದಿನಾ ಬೆಳಿಗ್ಗೆ ಅಪ್ಪನ ಕೆರೆ ಹತ್ತಿರ ಒಂದು ತಾಸು ನಡೆಯುತ್ತೇನೆ, ತಯಾರಿ ಅಂತ ಇದ್ದದ್ದು ಅಷ್ಟೇ. ನಮ್ಮೂರಲ್ಲಿ ಹತ್ತುವುದಕ್ಕೆ ಏನಿದೆ ಹೇಳಿ? ಕೋಟೆಯ ಬುರುಜು ಬಿಟ್ಟರೆ ಎಲ್ಲಾ ಸಪಾಟು. ಹಿಮ ಅನ್ನುವ ಪದವೇ ನಮ್ಮ ಬಾಯಲ್ಲಿ ಇಲ್ಲ, ನಾವು ಬರ್ಫ ಅನ್ನುತ್ತೇವೆ. ಬರ್ಫ ಅಂದರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟಿರುವ ದಿಮ್ಮಿ, ಅದನ್ನು ಸುತ್ತಿಗೆಯಿಂದ ಒಡೆಯುವಾಗ ಹಾರಿದ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ ಹುಡುಗ ನಾನು. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಿನಲ್ಲಿ ಬೇಯುವವರಿಗೆ ಹಿಮದ ಹುಚ್ಚು ಹಿಡಿದರೆ ಆಶ್ಚರ್ಯ ಇಲ್ಲ, ಅಲ್ವಾ?

ಹಿಂದೆ ಎರಡು ಸಲ ಗುಂಪಿನ ಜೊತೆ ಉತ್ತರಾಖಂಡಕ್ಕೆ ಹೋಗಿದ್ದೆ. ಎರಡೂ ಸಲ ಬೇಸಿಗೆ. ಗುಂಪಿನಲ್ಲಿ ಗದ್ದಲ ಜಾಸ್ತಿ, ಫೋಟೋ ಜಾಸ್ತಿ, ನಡೆಯುವುದು ಕಡಿಮೆ. ಒಬ್ಬನೇ ಬರಬೇಕು, ಅದೂ ಚಳಿಗಾಲದಲ್ಲಿ ಬರಬೇಕು ಅಂತ ಆಗಲೇ ತಲೆಯಲ್ಲಿ ಕೂತಿತ್ತು. ತುಂಗನಾಥ ಆರಿಸಿಕೊಂಡದ್ದು ಅದು ಸುಲಭ ಅಂತ. ಪಂಚಕೇದಾರ ಅನ್ನುವ ಐದು ಶಿವನ ಗುಡಿಗಳಲ್ಲಿ ಒಂದು, ಸುಮಾರು 3,680 ಮೀಟರ್ ಎತ್ತರದಲ್ಲಿದೆ. ಕೆಳಗೆ ಚೋಪ್ತಾದವರೆಗೆ ಡಾಂಬರು ರಸ್ತೆ, ಅಲ್ಲಿಂದ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಪೂರಾ ಕಲ್ಲು ಹಾಸಿದ ದಾರಿ. ಬೇಸಿಗೆಯಲ್ಲಿ ಅಜ್ಜಿಯರೂ ಕೋಲು ಊರಿಕೊಂಡು ಹತ್ತುತ್ತಾರೆ. ಗುಡಿಯ ಮೇಲೆ ಇನ್ನೂ ಒಂದೂವರೆ ಕಿಲೋಮೀಟರ್ ಹೋದರೆ ಚಂದ್ರಶಿಲಾ ಶಿಖರ, ಅಲ್ಲಿಂದ ಚೌಖಂಬಾ, ನಂದಾದೇವಿ, ತ್ರಿಶೂಲ ಎಲ್ಲಾ ಸಾಲಾಗಿ ಕಾಣುತ್ತವೆ. ಅಜ್ಜಿಯರು ಹೋಗುವ ದಾರಿ, ನನಗೇನು ಕಷ್ಟ ಅಂದುಕೊಂಡೆ. ಅಜ್ಜಿಯರು ಜನವರಿಯಲ್ಲಿ ಹೋಗುವುದಿಲ್ಲ ಅನ್ನುವುದು ಹೊಳೆಯಲಿಲ್ಲ ಅಂತಲ್ಲ. ಹೊಳೆದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ರಜೆಯದ್ದು ಬೇರೆ ಕಥೆ. ಜನವರಿ ಅಂದರೆ ನಮಗೆ ಉಸಿರಾಡಲು ಬಿಡುವಿಲ್ಲದ ಕಾಲ. ಹೊಸ ತೊಗರಿ ಗಂಜ್ ಮಾರ್ಕೆಟ್ಟಿಗೆ ಬರುತ್ತದೆ, ಲಾರಿಗಳು ಸಾಲು ನಿಲ್ಲುತ್ತವೆ, ಪಾವತಿ, ತೂಕದ ಚೀಟಿ, ಹಮಾಲರ ಲೆಕ್ಕ ಅಂತ ರಾತ್ರಿ ಒಂಬತ್ತಾದರೂ ಕುರ್ಚಿ ಬಿಡಲು ಆಗುವುದಿಲ್ಲ. ಅಂಥ ಹೊತ್ತಲ್ಲಿ ರಜೆ ಕೇಳಿದೆ. ಸಾವ್ಕಾರರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹತ್ತು ದಿನ ಕೊಡ್ತೀನ್ರಿ. ಹನ್ನೊಂದನೇ ದಿನ ಇಲ್ಲೇ ಕುಂತಿರಬೇಕು ನೋಡ್ರಿ." ಅವತ್ತೇ ಹೋಗುವ ಬರುವ ಎರಡೂ ಟಿಕೆಟ್ ತೆಗೆಸಿದೆ. ವಾಪಸ್ ಟಿಕೆಟ್ ಕನ್ಫರ್ಮ್ ಆದಾಗ ಎಷ್ಟು ಖುಷಿ ಆಯಿತು ಅಂದರೆ, ಮಿಲ್ಲಿನಲ್ಲಿ ಎಲ್ಲರಿಗೂ ಮಿರ್ಚಿ ಭಜಿ ತರಿಸಿದೆ. ಬೆಟ್ಟದ ಮೇಲೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಮುಂದಕ್ಕೆ ನೂಕಿದ್ದು ಆ ಟಿಕೆಟ್ಟೇ ಅಂತ ಆಮೇಲೆ ಗೊತ್ತಾಯಿತು.

ಹೊರಡುವ ಹಿಂದಿನ ವಾರ ಎಳ್ಳಮಾವಾಸ್ಯೆ ಆಗಿತ್ತು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ಪಲ್ಯ ಸಜ್ಜಿ ರೊಟ್ಟಿ ಉಂಡು ಬಂದಿದ್ದೆವು. ಸಜ್ಜಿ ರೊಟ್ಟಿ ಖಡಕ್ ಆಗಿದ್ದವು, ಅವ್ವ ಅವನ್ನೇ ಹತ್ತು ಕಟ್ಟಿಕೊಟ್ಟಳು, ಜೊತೆಗೆ ಶೇಂಗಾ ಹಿಂಡಿ, ಶೇಂಗಾ ಹೋಳಿಗೆ. "ಬರ್ಫದಾಗ ಏನ್ ನೋಡ್ಲಾಕ ಹೊಂಟಿ ತಮ್ಮಾ? ಫ್ರಿಜ್ ತಗದು ನೋಡು, ಅಲ್ಲೇ ಐತಲ್ಲ" ಅಂತ ನಕ್ಕಳು. ಆಮೇಲೆ ದೇವರ ಜಗಲಿ ಮೇಲಿದ್ದ ಟೆಂಗಿನಕಾಯಿ ತಂದು ಚೀಲದಲ್ಲಿ ಇಟ್ಟಳು. "ದೇವ್ರ ಇದ್ದಲ್ಲಿ ಬರಿಗೈಲೆ ಹೋಗಬಾರ್ದು. ಅಲ್ಲಿ ಒಡಿಸ್ಕೊಂಡು ಬಾ."

ಇಲ್ಲಿ ನಾನೊಂದು ಮಾತು ಮುಚ್ಚಿಟ್ಟೆ. ತುಂಗನಾಥದ ಬಾಗಿಲು ಚಳಿಗಾಲದಲ್ಲಿ ಮುಚ್ಚಿರುತ್ತದೆ. ದೀಪಾವಳಿ ಹೊತ್ತಿಗೆ ದೇವರನ್ನು ಡೋಲಿಯಲ್ಲಿ ಕೂರಿಸಿ ಕೆಳಗೆ ಮಕ್ಕೂಮಠ ಅನ್ನುವ ಹಳ್ಳಿಗೆ ತರುತ್ತಾರೆ, ಬೇಸಿಗೆ ಬರುವವರೆಗೆ ಪೂಜೆ ಎಲ್ಲಾ ಅಲ್ಲೇ. ದೇವರೇ ಇಳಿದು ಹೋದ ಮೇಲೆ ಮಗ ಹತ್ತುತ್ತೇನೆ ಅಂದರೆ ಅವ್ವ ಬಿಡುತ್ತಿದ್ದಳೇ? ಸುಮ್ನೆ ಕಾಯಿ ಇಸಿದುಕೊಂಡೆ.

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಒಂದು ಹಗಲು ಒಂದು ರಾತ್ರಿ, ದೆಹಲಿಯಿಂದ ರಾತ್ರಿ ಬಸ್ಸು, ಹರಿದ್ವಾರದಿಂದ ಇನ್ನೊಂದು ಬಸ್ಸು, ರುದ್ರಪ್ರಯಾಗದಿಂದ ಜೀಪು. ರಸ್ತೆಯುದ್ದಕ್ಕೂ ಕೆಳಗೆ ಹಸಿರು ನೀರು. ಮೂರನೇ ದಿನ ಕತ್ತಲಾಗುವ ಹೊತ್ತಿಗೆ ಊಖೀಮಠ.

ಊಖೀಮಠದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಕೇದಾರನಾಥದ ಬಾಗಿಲು ಮುಚ್ಚಿದ ಮೇಲೆ ಉತ್ಸವಮೂರ್ತಿ ಬಂದು ಕೂರುವುದು ಇಲ್ಲಿನ ಓಂಕಾರೇಶ್ವರ ಗುಡಿಯಲ್ಲಿ. ಕೇದಾರನಾಥದ ಮುಖ್ಯ ಅರ್ಚಕರಿಗೆ ರಾವಲ್ ಅನ್ನುತ್ತಾರೆ, ಅವರು ಕರ್ನಾಟಕದ ವೀರಶೈವರಲ್ಲಿಂದಲೇ ಬರುವುದು ಹಿಂದಿನಿಂದ ನಡೆದು ಬಂದ ಪದ್ಧತಿ. ವೀರಶೈವರ ಪಂಚಪೀಠಗಳಲ್ಲಿ ಕೇದಾರ ಪೀಠ ಇರುವುದೂ ಇಲ್ಲೇ. ಇದೆಲ್ಲ ಓದಿ ಗೊತ್ತಿತ್ತು. ಆದರೂ ಆ ಚಳಿಯಲ್ಲಿ, ಬಣ್ಣ ಬಳಿದ ಮರದ ಬಾಗಿಲಿನ ಅಂಗಳದಲ್ಲಿ, ಶಾಲು ಹೊದ್ದ ಹಿರಿಯರೊಬ್ಬರು ನನ್ನ ಫೋನಿನ ಮಾತು ಕೇಳಿಸಿಕೊಂಡು "ಯಾವೂರ್ರೀ ನಿಮ್ದು?" ಅಂದಾಗ ಮೈ ಜುಮ್ ಅಂತು. ಕಲಬುರಗಿ ಅಂದೆ. ಅವರು ಬೀದರ್ ಕಡೆಯವರು. ಎಲ್ಲಿಗೆ ಹೊರಟಿರಿ ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ಹೋಗ್ರಿ, ಎಲ್ಲಿ ತನಕ ಆಗ್ತದ ಅಲ್ಲಿ ತನಕ ಹೋಗ್ರಿ" ಅಂದರು. ಆಗ ಅದು ಆಶೀರ್ವಾದದ ಹಾಗೆ ಕೇಳಿಸಿತ್ತು.

ಮರುದಿನ ಜೀಪು ಚೋಪ್ತಾದವರೆಗೆ ಹೋಗಲಿಲ್ಲ. ಮೂರ್ನಾಲ್ಕು ಕಿಲೋಮೀಟರ್ ಈಚೆಗೇ, ಬನಿಯಾಕುಂಡದಲ್ಲಿ, ಚಾಲಕ ಕೈ ಎತ್ತಿಬಿಟ್ಟ. ಮುಂದೆ ರಸ್ತೆಯೇ ಇಲ್ಲ, ಬಿಳಿ. ಅಲ್ಲೇ ಒಂದು ಕೋಣೆ ಹಿಡಿದೆ. ಮಧ್ಯಾಹ್ನದಿಂದ ಹಿಮ ಬೀಳಲು ಶುರುವಾಯಿತು, ಆ ರಾತ್ರಿ ಬಿತ್ತು, ಮರುದಿನವೂ ಸಂಜೆ ತನಕ ಬಿತ್ತು. ಹಿಮ ಬೀಳುವಾಗ ಸದ್ದೇ ಇರುವುದಿಲ್ಲ. ಮಳೆ ಹೀಗೆ ಒಂದೂವರೆ ದಿನ ಹಿಡಿದರೆ ನಮ್ಮ ತಗಡಿನ ಪತ್ರಾಸಿನ ಕೆಳಗೆ ಕಿವಿ ಒಡೆದು ಹೋಗುತ್ತದೆ. ಇಲ್ಲಿ ಕಿಟಕಿ ತೆಗೆದು ನೋಡಿದರೆ ಮಾತ್ರ ಗೊತ್ತು, ಅಂಗಳದಲ್ಲಿದ್ದ ಬಕೆಟ್ ಕಾಣುತ್ತಿಲ್ಲ ಅಂತ.

ಹಾಗೆ ಒಂದು ಪೂರಾ ದಿನ ಹೋಯಿತು. ಇದ್ದದ್ದೇ ಒಂದು ಹೆಚ್ಚುವರಿ ದಿನ. ಕೋಣೆಯಲ್ಲಿ ರಜಾಯಿ ಹೊದ್ದು ಕೂತು ಟಿಕೆಟ್ಟಿನ ದಿನಾಂಕ ನೋಡಿದೆ, ಬೆರಳು ಮಡಚಿ ಎಣಿಸಿದೆ. ನಾಳೆ ಹತ್ತದಿದ್ದರೆ ಮುಗಿಯಿತು. ಲಾಡ್ಜಿನ ಚಾಚಾ ಕೇಳಿದ್ದಕ್ಕೆ ನಾಳೆ ಆಕಾಶ ತೆರೆಯುತ್ತೆ, ಆದರೆ ಒಂದೆರಡು ದಿನ ತಡೆಯಿರಿ, ಹಿಮ ಕೂರಲಿ ಅಂದರು. ಹಿಮ ಕೂರಲಿ! ನನಗೆ ಹನ್ನೊಂದನೇ ದಿನ ನಾನು ಕೂರಬೇಕಾದ ಕುರ್ಚಿ ಕಣ್ಣಮುಂದೆ ಬಂತು. ನನ್ನ ದಖ್ಖನಿ ಹಿಂದಿಯಲ್ಲಿ "ಕೈಕು ಚಾಚಾ, ಕುಚ್ ನೈ ಹೋತಾ" ಅಂದೆ, ಯಾಕೆ ಚಾಚಾ, ಏನೂ ಆಗಲ್ಲ ಅಂತ. ಅವರಿಗೆ ಆ "ಕೈಕು" ಕೇಳಿ ನಗು ತಡೆಯಲಿಲ್ಲ. ನಗುತ್ತಲೇ ಒಂದು ಬಿದಿರಿನ ಕೋಲು ತಂದು ಬಾಗಿಲ ಹತ್ತಿರ ಒರಗಿಸಿಟ್ಟರು.

ಬೆಳಿಗ್ಗೆ ಐದಕ್ಕೆ ಎದ್ದು ಚೀಲ ಕಟ್ಟುವಾಗ ಟೆಂಗಿನಕಾಯಿ ಕೈಗೆ ಬಂತು. ಅಭ್ಯಾಸಬಲ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಎರಡು ರಾತ್ರಿಯಲ್ಲಿ ಒಳಗಿನ ನೀರೇ ಗಟ್ಟಿ ಆಗಿಬಿಟ್ಟಿತ್ತು. ಕೋಣೆಯೊಳಗಿನ ಚಳಿ ಎಷ್ಟಿತ್ತು ಅಂತ ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಆರೂವರೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಟೆ. ಒಂದು ಸಣ್ಣ ಡೈರಿ ಇಟ್ಟುಕೊಂಡಿದ್ದೆ, ಲೆಕ್ಕದವನ ಚಾಳಿ. ಅದರಲ್ಲಿ ಮನೆಯಲ್ಲಿ ಕೂತು ಬರೆದ ಲೆಕ್ಕ ಇತ್ತು. 1892ರಲ್ಲಿ ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಒಬ್ಬ ಹಾಕಿಕೊಟ್ಟ ಸೂತ್ರ ಇದೆ, ಈಗಲೂ ಬಳಸುತ್ತಾರೆ: ಸಪಾಟು ದಾರಿ 5 ಕಿಲೋಮೀಟರಿಗೆ ಒಂದು ತಾಸು, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಅದರ ಪ್ರಕಾರ ಚೋಪ್ತಾದಿಂದ ಗುಡಿಗೆ ನನಗೆ ಎರಡು ತಾಸು 20 ನಿಮಿಷ ಸಾಕಿತ್ತು. ಹಿಮಕ್ಕೆ ಅಂತ ಒಂದು ತಾಸು ಧಾರಾಳವಾಗಿ ಸೇರಿಸಿದ್ದೆ. ಕೆಳಗೆ ಕೆಂಪು ಪೆನ್ನಲ್ಲಿ "1 ಗಂಟೆಗೆ ಎಲ್ಲಿದ್ದರೂ ವಾಪಸ್" ಅಂತ ಬರೆದು ಎರಡು ಗೆರೆ ಎಳೆದಿದ್ದೆ. ಓದಿದವರು ಭಾರೀ ಶಿಸ್ತಿನ ಮನುಷ್ಯ ಅಂದುಕೊಳ್ಳಬೇಕು.

ಸಪಾಟು ರಸ್ತೆಯಲ್ಲೇ ಲೆಕ್ಕ ತಪ್ಪಿತು. ಚೋಪ್ತಾ ಮುಟ್ಟಲು ಎರಡೂವರೆ ತಾಸು. ಅಂಗಡಿಗಳೆಲ್ಲ ಮುಚ್ಚಿದ್ದವು, ಹಿಮ ಕಿಟಕಿ ಮಟ್ಟಕ್ಕಿತ್ತು. ಬಿಸಿಲು ಬಿದ್ದಿತ್ತು, ಆಕಾಶ ನೀಲಿ ಅಂದರೆ ಅಂಥ ನೀಲಿ ನಾನು ನೋಡೇ ಇಲ್ಲ. ಕನ್ನಡಕ ಸ್ವಲ್ಪ ಸರಿಸಿದರೂ ಕಣ್ಣಿಗೆ ಖಾರ ಹಾಕಿದ ಹಾಗೆ ಉರಿ. ದಾರಿಯ ಬಾಗಿಲಿಗೆ ಕಟ್ಟಿದ ಗಂಟೆ ಕೈಗೆಟುಕಲಿಲ್ಲ, ಕೋಲಿನಿಂದ ಬಾರಿಸಿದೆ. 9 ಗಂಟೆ 10 ನಿಮಿಷ ಅಂತ ಡೈರಿಯಲ್ಲಿದೆ.

ಅಲ್ಲಿ ನನಗೆ ದೊಡ್ಡ ಸಮಾಧಾನ ಆಗುವಂಥದ್ದು ಕಂಡಿತು. ಹೆಜ್ಜೆ ಗುರುತು. ಯಾರೋ ಒಬ್ಬರು ಆಗಲೇ ಮೇಲೆ ಹೋಗಿದ್ದಾರೆ, ಬೆಳಗಿನದೇ ಗುರುತು, ಅಂಚು ಇನ್ನೂ ಚೂಪಾಗಿತ್ತು. ಹಾಗಾದರೆ ದಾರಿ ಇದೆ! ಅವರ ಗುಂಡಿಯಲ್ಲೇ ನನ್ನ ಕಾಲಿಡುತ್ತಾ ಹೋದೆ. ಎರಡೂ ಕಡೆ ಬುರಾಂಸಿನ ಮರಗಳು, ಎಲೆಗಳು ಚಳಿಗೆ ಸುರುಳಿ ಸುತ್ತಿಕೊಂಡು ಕೆಳಗೆ ಜೋತಿದ್ದವು, ಆಗಾಗ ಕೊಂಬೆಯ ಮೇಲಿನ ಹಿಮ ಜಾರಿ ತಲೆ ಮೇಲೆ ಸುರಿಯುತ್ತಿತ್ತು. ಮೊಳಕಾಲು ಮಟ್ಟ ಹಿಮ. ನಮ್ಮ ಕಡೆಯವರಿಗೆ ಹೇಗೆ ಹೇಳಲಿ, ಮಳೆಗಾಲದಲ್ಲಿ ಎರಿ ಹೊಲದಲ್ಲಿ ನಡೆದವರಿಗೆ ಅರ್ಧ ಗೊತ್ತಾಗುತ್ತದೆ. ಎರಿ ಮಣ್ಣು ಅಂಗಾಲಿಗೆ ಹತ್ತಿ ಹತ್ತಿ ಕಾಲು ಭಾರ ಮಾಡುತ್ತದೆ, ಆದರೆ ಕೆಳಗೆ ಎಲ್ಲೋ ನೆಲ ಇದೆ ಅಂತ ಖಾತ್ರಿ ಇರುತ್ತದೆ. ಹಿಮ ಹಾಗಲ್ಲ. ಕಾಲಿಟ್ಟ ತಕ್ಷಣ ಒಂದು ಕ್ಷಣ ತಾಳುತ್ತದೆ, ಇನ್ನೇನು ಭಾರ ಪೂರ್ತಿ ಹಾಕಿದಿರಿ ಅನ್ನುವಾಗ ಕುಸಿಯುತ್ತದೆ. ಪ್ರತಿ ಹೆಜ್ಜೆಗೂ ಮೆಟ್ಟಿಲು ಇದೆ ಅಂದುಕೊಂಡು ಇಲ್ಲದ ಕಡೆ ಕಾಲಿಟ್ಟ ಹಾಗೆ. ಆಮೇಲೆ ಆ ಗುಂಡಿಯಿಂದ ಮೊಳಕಾಲನ್ನು ಎದೆಯವರೆಗೆ ಎತ್ತಿ ಮುಂದಿನದಕ್ಕೆ ಹೋಗಬೇಕು. ಇನ್ನೊಬ್ಬರು ತುಳಿದ ದಾರಿಯಲ್ಲೇ ಇಷ್ಟು ಕಷ್ಟ.

ಒಂದೂವರೆ ಕಿಲೋಮೀಟರಿಗೆ ಒಂದು ತಾಸು 40 ನಿಮಿಷ. ಅಲ್ಲಿ ಒಂದು ತಗಡಿನ ಚಹಾ ಗುಡಿಸಲು, ಅದರ ಮೇಲೆ ಒಬ್ಬ ಹುಡುಗ ನಿಂತು ಸಲಿಕೆಯಿಂದ ಹಿಮ ಎಳೆದು ಕೆಳಗೆ ಹಾಕುತ್ತಿದ್ದ. ಹೆಜ್ಜೆ ಗುರುತು ಗುಡಿಸಲಿನ ಸುತ್ತ ಒಂದು ಸುತ್ತು ಬಂದು ಅಲ್ಲೇ ಮುಗಿದಿತ್ತು. ಮುಂದೆ ಸಾಫ್ ಬಿಳಿ.

ಅವನು ತುಂಗನಾಥಕ್ಕೆ ಹೊರಟವನಲ್ಲ. ಅವನ ಅಂಗಡಿ ಅದು, ಭಾರಕ್ಕೆ ಮಾಡು ಕುಸಿಯದಿರಲಿ ಅಂತ ನೋಡಲು ಬಂದಿದ್ದ, ಅಷ್ಟೇ. ನಾನು ಒಂದು ತಾಸು 40 ನಿಮಿಷ ಯಾರನ್ನೋ ನಂಬಿಕೊಂಡು ಹತ್ತಿದ್ದೆ. ಅವನು ತನ್ನ ತಗಡು ನೋಡಲು ಬಂದವನು! ಇಬ್ಬರೂ ಕೂತು ಸಜ್ಜಿ ರೊಟ್ಟಿ ಮುರಿದು ತಿಂದೆವು. ಶೇಂಗಾ ಹಿಂಡಿ ಅವನಿಗೆ ಬಹಳ ಸೇರಿತು, ಕೈಯಲ್ಲಿ ಇನ್ನಷ್ಟು ಹಾಕಿಸಿಕೊಂಡ. ನನ್ನ ಬಾಟಲಿಯ ಬಾಯಿ ಹೆಪ್ಪುಗಟ್ಟಿ ತೆರೆಯಲಾಗಲಿಲ್ಲ, ಅದನ್ನು ತಲೆಕೆಳಗೆ ಇಟ್ಟುಕೊಳ್ಳಬೇಕು, ನೀರು ಮೇಲಿನಿಂದ ಗಟ್ಟಿ ಆಗುತ್ತೆ ಅಂತ ಅವನೇ ತೋರಿಸಿದ. ಮೇಲೆ ಹೋಗಬೇಡಿ ಅಂತ ಒಂದು ಸಲವೂ ಅನ್ನಲಿಲ್ಲ. ಹೊರಡುವಾಗ "ಮನೆಯಲ್ಲಿ ಯಾರ್ಯಾರಿದ್ದಾರೆ?" ಅಂತ ಮಾತ್ರ ಕೇಳಿದ. ಅವ್ವ, ಹೆಂಡತಿ, ಒಬ್ಬ ಮಗಳು ಅಂದೆ. ಹ್ಞೂಂ ಅಂದು ಸಲಿಕೆ ಎತ್ತಿಕೊಂಡ.

11 ಗಂಟೆ 5 ನಿಮಿಷಕ್ಕೆ ಅಲ್ಲಿಂದ ಹೊರಟೆ. ಈಗ ಮುಂದಿನ ಗುಂಡಿಗಳೆಲ್ಲ ನಾನೇ ತೋಡಬೇಕು. ಮರಗಳು ಕಡಿಮೆ ಆದವು, ಬುಗ್ಯಾಲು ಶುರುವಾಯಿತು. ಬೇಸಿಗೆಯಲ್ಲಿ ಅದು ಹುಲ್ಲುಗಾವಲು, ದಾರಿ ಅದರಲ್ಲಿ ಅಂಕುಡೊಂಕಾಗಿ ಏರುತ್ತದೆ. ಈಗ ಅಂಕೂ ಇಲ್ಲ ಡೊಂಕೂ ಇಲ್ಲ, ಎಲ್ಲಾ ಒಂದೇ ಇಳಿಜಾರು. ತೊಡೆ ಮಟ್ಟ. ಹತ್ತು ಹೆಜ್ಜೆ, ನಿಲ್ಲು. ಎಂಟು ಹೆಜ್ಜೆ, ನಿಲ್ಲು. ಉಸಿರು ಕೋಲಿನ ಮೇಲೆ ಬಿದ್ದು ಅಲ್ಲೇ ಬಿಳಿಯಾಗುತ್ತಿತ್ತು. ಫೋನಿನಲ್ಲಿ ನಕ್ಷೆ ಇತ್ತು, ತೆಗೆದು ನೋಡಿದರೆ 60 ಇದ್ದ ಚಾರ್ಜು 20ಕ್ಕೆ ಇಳಿದಿದೆ. ಚಳಿಗೆ ಬ್ಯಾಟರಿ ಹಾಗೆ ಸಾಯುತ್ತದೆ ಅಂತ ಗೊತ್ತಿದ್ದೂ ಹೊರಗಿನ ಜೇಬಲ್ಲಿ ಇಟ್ಟಿದ್ದೆ. ಒಳಗೆ, ಬನಿಯನ್ ಹತ್ತಿರ ತುರುಕಿಕೊಂಡೆ.

11 ಗಂಟೆ 50ಕ್ಕೆ ಎಡಗಾಲು ಹೋಯಿತು. ಹೋಯಿತು ಅಂದರೆ ಸೊಂಟದವರೆಗೆ. ಕೆಳಗೆ ಯಾವುದೋ ಪೊದೆಯೋ ಕಲ್ಲಿನ ಸಂದೋ ಇರಬೇಕು, ಅದರ ಸುತ್ತ ಟೊಳ್ಳಾಗಿತ್ತು. ಬೂಟು ಎಲ್ಲೋ ಸಿಕ್ಕಿಕೊಂಡಿತು. ಎಳೆದರೆ ಬರಲಿಲ್ಲ. ಬಲಗಾಲು ಊರಿ ಏಳಲು ನೋಡಿದರೆ ಅದೂ ಇಳಿಯಿತು. ಕೈ ಊರಿದರೆ ಕೈ ಹೋಯಿತು. ಮೊದಲ ಎರಡು ನಿಮಿಷ ನನಗೆ ನನ್ನ ಮೇಲೇ ನಗು ಬಂತು. ಆಮೇಲೆ ಬರಲಿಲ್ಲ. ಸುತ್ತ ನೋಡಿದೆ, ಯಾರೂ ಇಲ್ಲ, ಕಾಗೆ ಕೂಡ ಇಲ್ಲ. ಕೂಗಿದರೆ ಆ ಹುಡುಗನಿಗೆ ಕೇಳಿಸುತ್ತಾ? ಕೂಗಿ ನೋಡಲಿಲ್ಲ. ಉತ್ತರ ಬರದಿದ್ದರೆ ಅಂತ ಹೆದರಿಕೆ. ಕೋಲನ್ನು ಅಡ್ಡ ಮಲಗಿಸಿ ಅದರ ಮೇಲೆ ಎದೆ ಹಾಕಿ, ಕೈಯಿಂದ ಕಾಲಿನ ಸುತ್ತ ಹಿಮ ತೋಡಿದೆ, ನಾಯಿ ನೆಲ ಕೆರೆದ ಹಾಗೆ. ಕೈಗವಸಿನೊಳಗೆ ಹಿಮ ಹೋಗಿ ಕರಗಿ ಬೆರಳು ಮರಗಟ್ಟಿದವು. ಪೂರ್ತಿ 15 ನಿಮಿಷ. ಕಾಲು ಬಂತು, ಪುಣ್ಯಕ್ಕೆ ಬೂಟಿನ ಸಮೇತ.

ಹಿಮದ ಮೇಲೆ ಮಲಗಿಕೊಂಡೇ ಡೈರಿ ತೆಗೆದೆ. ಇದನ್ನು ಕೇಳಿ ನನ್ನ ಹೆಂಡತಿ ಈಗಲೂ ನಗುತ್ತಾಳೆ. ಗುಡಿಸಲಿನಿಂದ ಇಲ್ಲಿಗೆ ನಕ್ಷೆ ಪ್ರಕಾರ 350 ಮೀಟರ್. ಸಿಕ್ಕಿಬಿದ್ದ ಹೊತ್ತು ಕಳೆದರೆ ನಡೆದದ್ದು 50 ನಿಮಿಷ. ಇನ್ನು ಉಳಿದದ್ದು ಎರಡು ಕಿಲೋಮೀಟರ್. ಇದೇ ವೇಗದಲ್ಲಿ ಹೋದರೆ ನಾಲ್ಕೂಮುಕ್ಕಾಲು ತಾಸು. ಈಗ 12 ಗಂಟೆ 10. ಗುಡಿ ಮುಟ್ಟುವುದು ಸಂಜೆ 5ಕ್ಕೆ, ಸೂರ್ಯ ಮುಳುಗುವುದು ಐದೂವರೆ ಆಸುಪಾಸು. ಅದೂ ಸುಸ್ತಾಗದಿದ್ದರೆ, ಮತ್ತೆ ಕಾಲು ಸಿಕ್ಕದಿದ್ದರೆ, ಹಿಮ ಇಷ್ಟೇ ಆಳ ಇದ್ದರೆ. ಮೇಲೆ ಹೋದಷ್ಟೂ ಹಿಮ ಜಾಸ್ತಿ ಅಂತ ಕಣ್ಣಿಗೇ ಕಾಣುತ್ತಿದೆ. ಹತ್ತು ರೂಪಾಯಿ ತಾಳೆ ಆಗದಿದ್ದರೆ ರಾತ್ರಿಯೆಲ್ಲ ಕೂತು ಹುಡುಕುವವನು ನಾನು. ಇಲ್ಲಿ ಖಾತೆಯೇ ಮುಳುಗಿತ್ತು.

ಆದರೆ ನಾನು ಆಗಲೂ ವಾಪಸ್ ತಿರುಗಲಿಲ್ಲ. ಬರೆಯಲೇಬೇಕಾದ್ದು ಇದೇ, ಯಾಕೆಂದರೆ ಎಲ್ಲರಿಗೂ ಹೇಳುವಾಗ ಈ ಭಾಗ ಹಾರಿಸುತ್ತಾ ಬಂದಿದ್ದೇನೆ. ಲೆಕ್ಕ ಎದುರಿಗಿತ್ತು, ನನ್ನದೇ ಅಕ್ಷರದಲ್ಲಿ. ಆದರೂ ಕಣ್ಣು ಹೋದದ್ದು ಹಿಂದಿನ ಪುಟದ ಕೆಂಪು ಗೆರೆಯ ಮೇಲೆ. 1 ಗಂಟೆಗೆ ವಾಪಸ್. ಇನ್ನೂ 50 ನಿಮಿಷ ಇದೆಯಲ್ಲ! ಅಪಾಯ ತಡೆಯಲಿ ಅಂತ ಬರೆದಿಟ್ಟ ಗಂಟೆ ಈಗ ನನಗೆ ಪರವಾನಗಿ ಆಗಿಬಿಟ್ಟಿತು. ಇನ್ನೊಂದು ಕಡೆ ತಲೆಯಲ್ಲಿ ಟಿಕೆಟ್ಟು, ಮಿರ್ಚಿ ಭಜಿ ತಿಂದವರ ಮುಖ, ಅವ್ವನ ಕಾಯಿ. ನಾಳೆ ಅನ್ನುವುದು ನನಗಿಲ್ಲ. ಆ ತಿರುವಿನವರೆಗೆ ಹೋಗಿ ನೋಡೋಣ, ಅಲ್ಲಿಂದ ಗುಡಿ ಕಾಣಬಹುದು, ಒಂದು ಫೋಟೋ ಆದರೂ ಆಗುತ್ತೆ. ಎದ್ದು ನಡೆದೆ. ಹತ್ತು, ಇಪ್ಪತ್ತು, ಐವತ್ತು ಹೆಜ್ಜೆ.

ಇಳಿಜಾರು ಅಲ್ಲಿ ಕಡಿದಾಗುತ್ತದೆ, ದಾರಿ ಅದನ್ನು ಅಡ್ಡ ಹಾಯಬೇಕು. ಮೇಲಿನ ಏಣಿನಿಂದ ಗಾಳಿಗೆ ಹಿಮದ ಪುಡಿ ಬಾಲದ ಹಾಗೆ ಹಾರುತ್ತಿತ್ತು, ನೋಡಲು ಚಂದ. ಆ ಪುಡಿ ಬಂದು ಬೀಳುತ್ತಿದ್ದದ್ದು ನಾನು ಹಾಯಬೇಕಾದ ಇಳಿಜಾರಿನ ಮೇಲೇ. ಹಿಮ ಜಾರಿ ಬರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅದೂ ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನದಲ್ಲಿ ಅಂತ ಹೊರಡುವ ಮೊದಲು ಓದಿದ್ದೆ. ಚಾಚಾ ಹಿಮ ಕೂರಲಿ ಅಂದದ್ದೂ ಅದನ್ನೇ. ಐವತ್ತೋ ಐವತ್ತೈದೋ ಹೆಜ್ಜೆ ಇಟ್ಟಿರಬೇಕು, ಕಾಲ ಕೆಳಗೆ ಒಂದು ಸದ್ದು ಬಂತು. ದೊಡ್ಡದಲ್ಲ. ಗೋದಾಮಿನಲ್ಲಿ ಹಮಾಲರು ತೊಗರಿ ಚೀಲವನ್ನು ಬೆನ್ನಿಂದ ಇಳಿಸಿದಾಗ ಬರುತ್ತಲ್ಲ, ಧಪ್ ಅಂತ, ಅದೇ. ಜೊತೆಗೆ ನನ್ನ ಸುತ್ತಲಿನ ಹಿಮ ಅರ್ಧ ಇಂಚು ತಗ್ಗಿದ ಹಾಗೆ ಅನಿಸಿತು. ಎದುರಿಗೆ ಹಿಮದ ಮೇಲೆ ಒಂದು ಕೂದಲೆಳೆ ಬಿರುಕು, ಏಳೆಂಟು ಅಡಿ ಉದ್ದ.

ಆ ಸದ್ದಿನ ಬಗ್ಗೆಯೂ ಓದಿದ್ದೆ. ಮೇಲಿನ ಪದರದ ಕೆಳಗೆ ಸಡಿಲ ಪದರ ಇದ್ದು ಅದು ಭಾರಕ್ಕೆ ಕುಸಿದಾಗ ಹಾಗೆ ಸದ್ದಾಗುತ್ತದೆ. ಓದಿದ್ದು ಆಗ ನೆನಪಾಯಿತು ಅಂದರೆ ಸುಳ್ಳು. ಆಗ ನೆನಪಾದದ್ದು ಗೋದಾಮು ಮಾತ್ರ. ಥಪ್ಪಿ ಹಚ್ಚಿದ ಚೀಲ ಸರಿಯುವ ಮೊದಲು ಹಮಾಲರು ಯಾರೂ ಹೇಳದೆ ದೂರ ಸರಿಯುತ್ತಾರೆ. ನಾನೂ ಸರಿದೆ. 12 ಗಂಟೆ 25. ಡೈರಿಯಲ್ಲಿ ಆ ಸಮಯ ಬರೆದಿಲ್ಲ, ಕೈ ನಡುಗುತ್ತಿತ್ತು. ಆಮೇಲೆ ಗುಡಿಸಲಿನಲ್ಲಿ ಅಂದಾಜಿನ ಮೇಲೆ ಬರೆದೆ.

ಒಂದೊಂದೇ ಹೆಜ್ಜೆ, ನಾನೇ ತೋಡಿದ್ದ ಗುಂಡಿಗಳಲ್ಲೇ, ಹಿಂದಕ್ಕೆ. ಗಾಳಿಗೆ ಅವೂ ಅರ್ಧ ತುಂಬಿದ್ದವು. ಇಳಿಯುವುದು ಸುಲಭ ಅಂದುಕೊಂಡಿದ್ದು ಇನ್ನೊಂದು ತಪ್ಪು. ಮರಗಳ ನೆರಳಿನಲ್ಲಿ ಮಧ್ಯಾಹ್ನವೇ ಮೇಲಿನ ಪದರ ಗಟ್ಟಿಯಾಗಿತ್ತು, ಎರಡು ಸಲ ಜಾರಿ ಕೂತೆ, ಒಂದು ಸಲ ಬೆನ್ನ ಮೇಲೆ. ಬೆನ್ನಿಗೆ ಒತ್ತಿದ್ದು ಟೆಂಗಿನಕಾಯಿ. ಗುಡಿಸಲಿನಲ್ಲಿ ಹುಡುಗ ಇರಲಿಲ್ಲ, ಅವನ ಗುರುತುಗಳು ಕೆಳಮುಖವಾಗಿ ಹೋಗಿದ್ದವು. ಬಾಗಿಲ ಚಿಲಕಕ್ಕೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ ಅದರಲ್ಲಿ ಒಣ ಕಾಲುಚೀಲ ಇಟ್ಟಿದ್ದ. ನನಗೋ, ಬೇರೆ ಯಾರಿಗೋ? ಹಾಕಿಕೊಂಡೆ.

ಎರಡೂಕಾಲಿಗೆ ಚೋಪ್ತಾ, ಐದಕ್ಕೆ ಇನ್ನೂ 20 ನಿಮಿಷ ಇರುವಾಗ ಕೋಣೆ. ಕಾಲ್ಬೆರಳು ನನ್ನವೇ ಅನಿಸುತ್ತಿರಲಿಲ್ಲ, ಬುಖಾರಿ ಒಲೆ ಹತ್ತಿರ ಚಾಚಲು ಹೋದೆ. ಚಾಚಾ ಕಾಲು ಹಿಡಿದು ಹಿಂದಕ್ಕೆ ಎಳೆದರು. ಮರಗಟ್ಟಿದ ಕಾಲಿಗೆ ಬೆಂಕಿ ತೋರಿಸಿದರೆ ಸುಟ್ಟರೂ ಗೊತ್ತಾಗುವುದಿಲ್ಲವಂತೆ. ಉಗುರುಬೆಚ್ಚಗಿನ ನೀರಿನಲ್ಲಿ ಇಡಿಸಿದರು. ರಕ್ತ ವಾಪಸ್ ಬರುವಾಗ ಆದ ನೋವಿಗೆ ಕಣ್ಣಲ್ಲಿ ನೀರು ಬಂತು. ಅವರು ಏನಾಯಿತು ಅಂತ ಕೇಳಲೇ ಇಲ್ಲ. ಕಾಲುಚೀಲ ನೋಡಿ ಅದು ಯಾರದು ಅಂತ ಅವರಿಗೆ ಗೊತ್ತಾಯಿತು ಅನಿಸುತ್ತೆ.

ಮರುದಿನ ಇಳಿಯುವಾಗ ಜೀಪು ಮಕ್ಕೂಮಠದ ದಾರಿ ಒಡೆಯುವ ಕಡೆ ನಿಂತು ಇಬ್ಬರನ್ನು ಹತ್ತಿಸಿಕೊಂಡಿತು. ಇಳಿದು ಹೋಗಿ ಬಂದರೆ ಕಾಯಿ ಒಡೆಸಬಹುದಿತ್ತು, ದೇವರಿರುವುದೇ ಅಲ್ಲಿ. ಆದರೆ ಇಳಿದರೆ ಟ್ರೈನು ತಪ್ಪುತ್ತದೆ. ಮತ್ತೆ ಅದೇ ಟಿಕೆಟ್ಟು. ಈ ಸಲ ಸುಮ್ನೆ ಕೂತೆ.

ಊಖೀಮಠದಲ್ಲಿ ಸಿಗ್ನಲ್ ಬಂತು, ಮನೆಗೆ ಫೋನ್ ಮಾಡಿದೆ. ಅವ್ವನ ಮೊದಲ ಮಾತೇ "ಕಾಯಿ ಒಡಿಸಿದೇನು?" ಸುಳ್ಳು ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಇಲ್ಲವ್ವ, ಅರ್ಧಕ್ಕೇ ವಾಪಸ್ ಬಂದೆ, ಬರ್ಫ ಬಹಳ ಇತ್ತು ಅಂದೆ. ಅವಳಿಗೆ ತೊಡೆ ಮಟ್ಟದ ಬರ್ಫ ಅಂದರೆ ಏನು ತಿಳಿಯಬೇಕು? ಸ್ವಲ್ಪ ಯೋಚಿಸಿ, ಮಳಖೇಡದ ಹತ್ತಿರ ಕಾಗಿಣಾ ಹೊಳೆ ಬಂದು ಸೇತುವೆ ಮುಳುಗಿದಾಗ ಇರುತ್ತಲ್ಲ, ಹಂಗ ಅಂದೆ. ತಕ್ಷಣ ಅವಳ ದನಿ ಬದಲಾಯಿತು. "ಹೊಳಿ ಬಂದಾಗ ದಾಟ್ಲಾಕ ಹೋಗಿದ್ದೇನೋ ನೀ? ದಂಡ್ಯಾಗ ಕುಂದರಬೇಕಿಲ್ಲ?" ಅಂತ ಬೈಯಲು ಶುರು ಮಾಡಿದಳು. ವಾಪಸ್ ಬಂದದ್ದಕ್ಕಲ್ಲ, ಹೋದದ್ದಕ್ಕೆ. ಬಹಳ ಹೊತ್ತು ಬೈದಳು, ನಾನು ಫೋನ್ ಕಿವಿಗೆ ಹಿಡಿದು ಆ ಬಿಸಿಲಲ್ಲಿ ನಿಂತೇ ಇದ್ದೆ.

ವಾಪಸ್ ಬರುವಾಗ ಟ್ರೈನಿನಲ್ಲಿ ಭೋಪಾಲ್ ದಾಟಿದ ಮೇಲೆ ಚೀಲದಿಂದ ಕಾಯಿ ತೆಗೆದು ಅಲ್ಲಾಡಿಸಿದೆ. ಕುಳುಕ್ ಅಂತು. ಎದುರಿನ ಸೀಟಿನವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಹನ್ನೊಂದನೇ ದಿನ ಕುರ್ಚಿ ಮೇಲಿದ್ದೆ. ಸಾವ್ಕಾರರು ಏನೂ ಕೇಳಲಿಲ್ಲ, ಹತ್ತು ದಿನದ ಚೀಟಿಗಳ ಕಟ್ಟು ಮುಂದಿಟ್ಟರು. ಅವರ ಅಣ್ಣನ ಮಗ ಮಾತ್ರ "ಅಷ್ಟು ರೊಕ್ಕ ಹಾಕಿ ಹೋಗಿ ಅರ್ಧಕ್ಕ ಬಂದ್ರ ಲಾಸ್ ಅಲ್ಲೇನ್ರೀ?" ಅಂದ. ಖರ್ಚು 17 ಸಾವಿರ ಚಿಲ್ಲರೆ ಆಗಿದೆ, ಬರೆದಿಟ್ಟಿದ್ದೇನೆ. ಲಾಸ್ ಅಂತ ಬರೆಯಬೇಕಾದ್ದು ಯಾವುದನ್ನು ಅಂತ ನನಗೆ ಗೊತ್ತು, ಕೊನೆಯ ಆ ಐವತ್ತು ಹೆಜ್ಜೆ. ಮುಂದಿನ ಸಲ ಹೋಗುವುದಾದರೆ ಏಪ್ರಿಲ್ ಕೊನೆಗೆ, ಇನ್ನೊಬ್ಬರ ಜೊತೆ, ವಾಪಸ್ ಟಿಕೆಟ್ ತೆಗೆಸದೆ. ಆ ಹುಡುಗನಿಗೆ ಒಂದು ಡಬ್ಬಿ ಶೇಂಗಾ ಹಿಂಡಿ ಕೊಡಬೇಕು, ಕಾಲುಚೀಲವೂ ಒಗೆದು ಮಡಚಿಟ್ಟಿದ್ದೇನೆ.

ಕಾಯಿ ಏನು ಮಾಡೋಣ ಅಂತ ಅವ್ವನನ್ನು ಕೇಳಿದೆ. ಶರಣಬಸವೇಶ್ವರ ಗುಡಿಯಲ್ಲಿ ಒಡೆಸೋಣ, ಇಲ್ಲಾ ಚಟ್ನಿ ಮಾಡು ಅಂದೆ. ಅವಳು ಕಾಯಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು, ಜುಟ್ಟು ಮುಟ್ಟಿ ನೋಡಿದಳು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಇದು ಅಲ್ಲಿ ಕಾಯಿ, ಇಲ್ಲಿ ಒಡಿಯಂಗಿಲ್ಲ" ಅಂದು ಮತ್ತೆ ಜಗಲಿ ಮೇಲಿಟ್ಟಳು. ಅಲ್ಲೇ ಇದೆ.